ದನಿ ಬಂತು ಅಂತ ಹೇಳಬೇಕಾದವರು ಯಾರು?

ಪ್ರಶ್ನೆ: ಧ್ವನಿತಂತುವಿಗೆ ಇಂಜೆಕ್ಷನ್ ಕೊಟ್ಟ ಮೇಲೆ, ಚಿಕಿತ್ಸೆ ಫಲಿಸಿತು ಎನ್ನಲು ರೋಗಿಯ ಸಮಾಧಾನವೊಂದೇ ಸಾಕೇ?

ಪರ: ನನ್ನ ಗಂಟಲು, ನನ್ನ ಲೆಕ್ಕ
(ಶಾಲಾ ಶಿಕ್ಷಕಿ, ಹಾಸನ)

ಥೈರಾಯ್ಡ್ ಆಪರೇಷನ್ ಆಗಿ ಎಚ್ಚರವಾದಾಗ ನಾನು ಮೊದಲು ಕೇಳಿದ್ದು ನೀರು. ಪಕ್ಕದಲ್ಲೇ ಇದ್ದ ನರ್ಸ್‌ಗೆ ಕೇಳಿಸಲಿಲ್ಲ. ಮತ್ತೆ ಕೇಳಿದೆ. ಗಾಳಿ ಬಂತು, ದನಿ ಬರಲಿಲ್ಲ. ಆಪರೇಷನ್ ಹೊತ್ತಲ್ಲಿ ಗಂಟಲಿಗೆ ಕೊಳವೆ ಹಾಕಿರ್ತೀವಿ, ವಾರದಲ್ಲಿ ಸರಿಹೋಗುತ್ತೆ ಎಂದರು. ವಾರವಾಯಿತು. ಎರಡು ತಿಂಗಳೂ ಆಯಿತು.

ಕೊನೆಗೆ ಇನ್ನೊಬ್ಬ ಡಾಕ್ಟರು ಮೂಗಿನಿಂದ ಕ್ಯಾಮೆರಾ ಇಳಿಸಿ ನೋಡಿದರು. ಎಡಗಡೆಯ ಧ್ವನಿತಂತು ಅಲ್ಲಾಡುತ್ತಲೇ ಇರಲಿಲ್ಲ. ಆಪರೇಷನ್‌ನಲ್ಲಿ ಅದರ ನರಕ್ಕೆ ಪೆಟ್ಟಾಗಿತ್ತಂತೆ. ಬಲಗಡೆಯದು ಪಾಪ, ತಾನೊಂದೇ ನಡುವಿನ ತನಕ ಬಂದು ವಾಪಸ್ ಹೋಗುತ್ತಿತ್ತು. ಒಂದೇ ಕೈಯಲ್ಲಿ ಚಪ್ಪಾಳೆ ಆಗುತ್ತಾ? ಎರಡೂ ಕೂಡದಿದ್ದರೆ ಸಂದಿಯಲ್ಲಿ ಗಾಳಿ ಸೋರಿಹೋಗುತ್ತದೆ.

ಆ ಎರಡು ತಿಂಗಳು ಹೇಗಿದ್ದವು ಅಂತ ಯಾವ ಯಂತ್ರಕ್ಕೆ ಗೊತ್ತು? ಮಜ್ಜಿಗೆ ಕುಡಿದರೆ ನೆತ್ತಿಗೆ ಹತ್ತುತ್ತಿತ್ತು. ಯಾರೋ ನೆನೆಸ್ಕೊಂಡಿದ್ದಾರೆ ಕಣೇ ಎಂದು ಅತ್ತೆ ತಲೆ ತಟ್ಟುತ್ತಿದ್ದರು. ದಿನಕ್ಕೆ ಹತ್ತು ಸಲ ಯಾರು ನೆನೆಸ್ಕೊಳ್ತಾರೆ? ಫೋನ್ ಎತ್ತಿದರೆ ಆ ಕಡೆಯವರು ಹಲೋ, ಹಲೋ ಎಂದು ಕಟ್ ಮಾಡುತ್ತಿದ್ದರು. ನಾನು ಬೇಲೂರು ಬಸ್ಸು ಹತ್ತಿ ಹಗರೆಯಲ್ಲಿ ಇಳಿಯಬೇಕು. ಒಂದು ದಿನ ಹೊಸ ಕಂಡಕ್ಟರ್. ಹಗರೆ, ಹಗರೆ ಅಂತ ನಾನು ಕೂಗಿದ್ದು ನನಗೇ ಕೇಳಿಸಲಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಕ್ಕೆ ನಡೆದೆ.

ಕ್ಲಾಸಿನಲ್ಲಿ ಲೀಡರ್ ಹುಡುಗಿಯೇ ನನ್ನ ದನಿ. ನಾನು ಅವಳ ಕಿವಿಯಲ್ಲಿ ಹೇಳುವುದು, ಅವಳು ಕೂಗುವುದು. ನಾನು ಹೇಳದ ಒಂದೆರಡು ಬೈಗುಳವನ್ನೂ ತಾನೇ ಸೇರಿಸುತ್ತಿದ್ದಳು.

ಕುತ್ತಿಗೆಗೆ ಇಂಜೆಕ್ಷನ್ ಎಂದಾಗ ಕೈಕಾಲು ತಣ್ಣಗಾಯಿತು, ಸುಳ್ಳು ಹೇಳಲ್ಲ. ಪ್ರಜ್ಞೆ ತಪ್ಪಿಸಲಿಲ್ಲ. ಗಂಟಲು ಮರಗಟ್ಟಿಸಿ, ಕುರ್ಚಿಯಲ್ಲಿ ಕೂರಿಸಿ, ಮೂಗಿನಲ್ಲಿ ಕ್ಯಾಮೆರಾ ಬಿಟ್ಟು, ಹೊರಗಿನಿಂದ ಸೂಜಿ ಚುಚ್ಚಿದರು. ಒಳಗೆ ಹೋಗಿದ್ದು ಹಯಲುರಾನಿಕ್ ಆಸಿಡ್ ಎಂಬ ಜೆಲ್. ಮುಖದ ಸುಕ್ಕು ತುಂಬುವುದಕ್ಕೂ ಅದನ್ನೇ ಹಾಕ್ತಾರೆ. (ಉಳಿದಿದ್ದರೆ ಮುಖಕ್ಕೂ ಸ್ವಲ್ಪ ಹಾಕಿ ಅಂತ ಕೇಳಬೇಕಿತ್ತು.) ಅಲ್ಲಾಡದ ತಂತು ಉಬ್ಬಿ ನಡುವಿಗೆ ಸರಿಯಿತು. ಬಲಗಡೆಯದಕ್ಕೆ ಜೊತೆ ಸಿಕ್ಕಿತು. ‘ಈ... ಅನ್ನಿ’ ಎಂದರು. ಈ ಎಂದೆ. ಬಾಗಿಲಾಚೆ ಕೂತಿದ್ದ ನಮ್ಮ ಯಜಮಾನರಿಗೆ ಕೇಳಿಸಿತು.

ಈಗ ವಿಷಯಕ್ಕೆ ಬರುತ್ತೇನೆ. ಒಂದು ತಿಂಗಳಾದ ಮೇಲೆ ಅಳತೆ ಮಾಡಿದರು. ಒಂದೇ ಉಸಿರಿನಲ್ಲಿ ‘ಆ’ ಎಳೆಯಬೇಕು. ಮೊದಲು 5 ಸೆಕೆಂಡ್ ಬರುತ್ತಿತ್ತು, ಈಗ 9. ಕನಿಷ್ಠ 15 ಆದರೂ ಬರಬೇಕಿತ್ತು ಎಂದು ಅಲ್ಲಿದ್ದ ಹುಡುಗ ಮುಖ ಸಣ್ಣದು ಮಾಡಿಕೊಂಡ. ಅಲ್ಲಪ್ಪಾ, ನಾನು ಕ್ಲಾಸಿನಲ್ಲಿ 15 ಸೆಕೆಂಡ್ ‘ಆ’ ಅಂತೀನಾ? ಆವತ್ತು ಬೆಳಗ್ಗೆ ನಾನೇ ಹಾಜರಿ ಕರೆದಿದ್ದೆ. ಕೊನೇ ಬೆಂಚಿನ ಹುಡುಗ ಮೊದಲನೇ ಸಲಕ್ಕೇ ‘ಎಸ್ ಮಿಸ್’ ಎಂದಿದ್ದ. ಕೆಲಸ ಹೋಯಿತಲ್ಲ ಎಂದು ಲೀಡರ್ ಹುಡುಗಿ ಎರಡು ದಿನ ಮುಖ ಊದಿಸಿಕೊಂಡಿದ್ದಳು. ನನಗೆ ಅದೇ ರಿಪೋರ್ಟು.

ರೋಗಿಯನ್ನು ಕೇಳುವುದು ಸುಮ್ನೆ ಉಪಚಾರದ ಮಾತಲ್ಲ. ಅದಕ್ಕೆಂದೇ 1997ರಲ್ಲಿ 30 ಪ್ರಶ್ನೆಗಳ ಪಟ್ಟಿ ಮಾಡಿದ್ದಾರೆ. ಆಮೇಲೆ 10 ಪ್ರಶ್ನೆಗಳದ್ದೂ ಬಂತು. ಒಂದೊಂದಕ್ಕೂ 0ಯಿಂದ 4ರವರೆಗೆ ಅಂಕ, ಜಾಸ್ತಿ ಬಂದಷ್ಟೂ ಕಷ್ಟ ಜಾಸ್ತಿ. ಗದ್ದಲದಲ್ಲಿ ನಿಮ್ಮ ಮಾತು ಜನರಿಗೆ ತಿಳಿಯುತ್ತಾ ಎಂಬಂಥ ಪ್ರಶ್ನೆಗಳು. 40ಕ್ಕೆ 29 ಇದ್ದ ನನ್ನ ಅಂಕ 11ಕ್ಕೆ ಇಳಿಯಿತು. ಸೆಕೆಂಡ್ ಎಣಿಸುವವರು ನಮ್ಮನ್ನು ರೇಡಿಯೋ ಅಂದುಕೊಂಡಿದ್ದಾರೆ.

ಜೆಲ್ ಕರಗಿಹೋಗುತ್ತದಲ್ಲ ಎನ್ನುತ್ತಾರೆ. ಕರಗಲಿ ಬಿಡಿ. ಕನ್ನಡಕದ ನಂಬರೂ ಬದಲಾಗುತ್ತೆ, ಅಲ್ವಾ?

ವಿರೋಧ: ಯಾವತ್ತು ಕೇಳಿದಿರಿ?
(ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಚಿಕ್ಕಮಗಳೂರು)

ವಿರೋಧಕ್ಕೆ ಯಾರೂ ಸಿಗಲಿಲ್ಲವಂತೆ. ಭೌತಶಾಸ್ತ್ರದವನು, ಅಳತೆಯ ಪರ ಮಾತಾಡುತ್ತಾನೆ ಎಂದು ನನ್ನನ್ನು ಹಿಡಿದರು. ನನ್ನ ಗಂಟಲು ಚೆನ್ನಾಗಿಯೇ ಇದೆ. ಆದರೂ ಒಪ್ಪಿಕೊಂಡ ಮೇಲೆ ಬರೆಯಬೇಕಲ್ಲ.

ನಮ್ಮ ಕಡೆ ಬೆಳೆಗಾರರು ಕಾಫಿ ಬೀಜವನ್ನು ಹಲ್ಲಲ್ಲಿ ಕಚ್ಚಿ, ಒಣಗಿದೆ ಅಂತಾರೆ. ಕ್ಯೂರಿಂಗ್ ವರ್ಕ್ಸ್‌ನವರು ಮಾಯಿಶ್ಚರ್ ಮೀಟರ್ ಇಟ್ಟೇ ನೋಡ್ತಾರೆ. ಹಲ್ಲಿನ ಮಾತು ನಂಬಿದರೆ ಗೋಡೌನಿನಲ್ಲಿ ಬೂಷ್ಟು. (ಕೊನೆಗೆ ರುಚಿ ನೋಡಿ ಕಾಫಿಗೆ ದರ್ಜೆ ಕೊಡುವುದು ನಾಲಿಗೆಯೇ. ಆ ವಿಷಯ ಇಲ್ಲಿ ಬೇಡ.)

ಎರಡು ತಿಂಗಳು ಪಿಸುಗುಟ್ಟಿದವರಿಗೆ ಒಂದು ಕೂಗು ಬಂದರೆ ಖುಷಿಯಾಗದೆ ಇರುತ್ತಾ? ಆಗ ಹೇಗಿದೆ ಅಂತ ಕೇಳುವುದು, ಮದುವೆ ಮನೆಯಲ್ಲಿ ಊಟ ಹೇಗಿತ್ತು ಅಂತ ಕೇಳಿದ ಹಾಗೆ. ಹಯಲುರಾನಿಕ್ ಜೆಲ್ ಕೆಲವು ತಿಂಗಳಲ್ಲಿ ಕರಗುತ್ತದೆ. ಇನ್ನೊಂದು ಬಗೆಯದು, ಸೆಲ್ಯುಲೋಸಿನದು, ಎರಡು ಮೂರು ತಿಂಗಳಲ್ಲೇ ಹೋಗುತ್ತದೆ. ತಿಂಗಳ ತೃಪ್ತಿಯನ್ನು ವರ್ಷದ ತೃಪ್ತಿ ಎಂದು ಬರೆದಿಡಬಾರದು.

ಇನ್ನೊಂದು. ಎಡಗಡೆಯ ಧ್ವನಿತಂತುವಿನ ನರ ನೇರ ಬರುವುದಿಲ್ಲ. ಎದೆಯೊಳಗೆ ಇಳಿದು, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಬಾಗಿನ ಕೆಳಗೆ ಸುತ್ತು ಹಾಕಿ, ಮತ್ತೆ ಗಂಟಲಿಗೆ ಹತ್ತುತ್ತದೆ. ಚಾರ್ಮಾಡಿ ಘಾಟಿ ಇಳಿದು ಮತ್ತೆ ಹತ್ತಿದ ಹಾಗೆ. ಪೆಟ್ಟಾದ ನರ ಕೆಲವರಲ್ಲಿ ತಿಂಗಳುಗಟ್ಟಲೆ ತಡವಾಗಿ ತಾನೇ ಚೇತರಿಸಿಕೊಳ್ಳುತ್ತದೆ. ಅದಕ್ಕೇ ಶಾಶ್ವತ ಆಪರೇಷನ್‌ಗೆ ಸಾಮಾನ್ಯವಾಗಿ ಒಂದು ವರ್ಷದ ತನಕ ಕಾಯ್ತಾರೆ. ಹಾಗಾದರೆ ದನಿ ತಂದಿದ್ದು ಜೆಲ್ಲೋ ನರವೋ? ರೋಗಿಗೆ ಎರಡೂ ಒಂದೇ. ಡಾಕ್ಟರಿಗೆ ಅಲ್ಲ.

ಹಳೇ ಕಥೆಯೂ ಇದೆ. 1911ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಬ್ರೂನಿಂಗ್ಸ್ ಧ್ವನಿತಂತುವಿಗೆ ಪ್ಯಾರಾಫಿನ್ ಚುಚ್ಚಿ ಈ ದಾರಿ ತೋರಿಸಿದರು. ಅದು ಗಂಟು ಕಟ್ಟುತ್ತದೆಂದು ಬಿಟ್ಟರು. 1960ರ ದಶಕದಲ್ಲಿ ಟೆಫ್ಲಾನ್ ಬಂತು, ದೋಸೆ ಕಾವಲಿಗೆ ಬಳಿಯುವ ಅದೇ ಟೆಫ್ಲಾನ್. ದನಿ ಬಂತು, ಜನ ಖುಷಿಯಾಗಿ ಮನೆಗೆ ಹೋದರು. ವರ್ಷಗಳಾದ ಮೇಲೆ ಕೆಲವರಿಗೆ ಅದರ ಸುತ್ತ ಗಂಟು ಬೆಳೆದು ದನಿ ಮತ್ತೆ ಕೆಟ್ಟಿತು. ಖುಷಿಯ ಪಟ್ಟಿಯನ್ನಷ್ಟೇ ಇಟ್ಟುಕೊಂಡಿದ್ದರೆ ಇದು ಗೊತ್ತಾಗುತ್ತಿತ್ತಾ?

ಕ್ಲಾಸಿನ ಗಲಾಟೆಯ ಬಗ್ಗೆ ಟೀಚರ್ ಹೇಳುವುದು ನನಗೂ ಗೊತ್ತು. ನಾನೂ ಪಾಠ ಮಾಡಿದವನೇ. ಸಂಜೆಗೆ ಎಲ್ಲರ ಗಂಟಲೂ ಬೀಳುತ್ತೆ.

ಇದನ್ನು ಬರೆಯುವಾಗ ನಾನೂ ಗಡಿಯಾರ ಇಟ್ಟುಕೊಂಡು ‘ಆ’ ಎಳೆದು ನೋಡಿದೆ. 17 ಸೆಕೆಂಡ್ ಬರುವಷ್ಟರಲ್ಲಿ, ಏನಾಯ್ತ್ರೀ ಅಂತ ಮನೆಯವಳು ಅಡುಗೆಮನೆಯಿಂದ ಓಡಿ ಬಂದಳು. ಅಳತೆ ಅರ್ಧಕ್ಕೇ ನಿಂತಿತು.