ಸತ್ಯಾಂಶ: ಕೂಳೆ ಸುಟ್ಟ ಬೂದಿಯೇ ಗೊಬ್ಬರವಾ?

"ಭತ್ತದ ಕೂಳೆಗೆ ಬೆಂಕಿ ಹಚ್ಚಿ, ಬೂದಿಯೇ ಪುಕ್ಕಟೆ ಗೊಬ್ಬರ." ಕೊಯ್ಲು ಮುಗಿದರೆ ಸಾಕು, ಸಿಂಧನೂರು, ಗಂಗಾವತಿ ಕಡೆಯ ವಾಟ್ಸಾಪ್‌ಗಳಲ್ಲಿ ಈ ಮಾತು ಓಡಾಡುತ್ತದೆ.

ಅರ್ಧ ನಿಜ. ಬೂದಿಯಲ್ಲಿ ಪೊಟ್ಯಾಷ್ ಉಳಿಯುತ್ತದೆ. ಆದರೆ ಹುಲ್ಲಿನ ಸಾರಜನಕ ಬಹುಪಾಲು ಹೊಗೆಯ ಜೊತೆ ಹೋಗಿಬಿಡುತ್ತದೆ. ಆಮೇಲೆ ಅದನ್ನೇ ಯೂರಿಯಾ ಚೀಲದಲ್ಲಿ ದುಡ್ಡು ಕೊಟ್ಟು ತರುತ್ತೇವೆ, ಅಲ್ವಾ? ಮೇಲ್ಮಣ್ಣಿನ ಜೀವಾಣುಗಳೂ ಸಾಯುತ್ತವೆ. ಉಳಿದವಕ್ಕೆ ಊಟವಿಲ್ಲ.

ಮಳೆ ಬಿದ್ದ ದಿನ ಬದುವಿನ ಒಂದು ಹಿಡಿ ಮಣ್ಣು ಮೂಸಿ ನೋಡಿ. ಆ ಘಮ ಸುಮ್ನೆ ಬರುವುದಲ್ಲ. ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾ ತಯಾರಿಸುವ ಜಿಯೋಸ್ಮಿನ್ ಎಂಬ ವಸ್ತುವಿನ ವಾಸನೆ ಅದು. ಕಸಕಡ್ಡಿ ಕೊಳೆಸುವುದರಲ್ಲೂ ಇವುಗಳ ಕೈವಾಡ ಜಾಸ್ತಿ.

ಹುಲ್ಲು ಮೊದಲು ದನಕ್ಕೆ. ಉಳಿದದ್ದನ್ನು ಕತ್ತರಿಸಿ, ಗದ್ದೆಯಲ್ಲಿ ತೇವ ಇರುವಾಗಲೇ ಉಳುಮೆ ಮಾಡಿ. ನಾಟಿಗೆ ಮುಂಚೆ ಎರಡು-ಮೂರು ವಾರ ಬಿಡಿ. ಯಾಕಂದರೆ ಹುಲ್ಲು ಕೊಳೆಯುವಾಗ ಜೀವಾಣುಗಳು ಮಣ್ಣಿನ ಸಾರಜನಕವನ್ನು ಸ್ವಲ್ಪ ದಿನ ತಾವೇ ಹಿಡಿದಿಟ್ಟುಕೊಳ್ಳುತ್ತವೆ.