ಚೌಕಾಸಿಗೆ ಜನ ಇಲ್ಲದ ಅಂಗಡಿ

2009ರ ಜನವರಿ 26 ಸೋಮವಾರ ಬಿದ್ದಿತ್ತು. ಪುತ್ತೂರಿನವರಿಗೆ ಸೋಮವಾರ ಅಂದ್ರೆ ಕಿಲ್ಲೆ ಮೈದಾನದ ಸಂತೆ, ನಮ್ಮಮ್ಮ ಜ್ವರ ಬಂದ್ರೂ ತಪ್ಪಿಸ್ತಿರ್ಲಿಲ್ಲ, ಅಂಥವಳು ಆ ದಿನ ಸಂತೆ ಬಿಟ್ಟು ಮಂಗಳೂರಿಗೆ ಹೊರಟ್ಲು ಅಂದ್ರೆ ವಿಷಯ ದೊಡ್ಡದೇ ಅಂತ ಲೆಕ್ಕ. ನಾನು ಐದನೇ ಕ್ಲಾಸು. ಶಾಲೆಯಲ್ಲಿ ಬಾವುಟ ಏರಿಸಿ, ಕೊಟ್ಟ ಲಾಡು ತಿಂದು ಮನೆಗೆ ಬಂದ್ರೆ ಅಮ್ಮ ಸೀರೆ ಉಟ್ಟು ಜಗಲಿಯಲ್ಲೇ ನಿಂತಿದ್ಲು, ಯೂನಿಫಾರ್ಮ್ ಬದಲಿಸ್ಲಿಕ್ಕೂ ಬಿಡದೆ ಅಂಗಿಗೆ ಸಿಕ್ಕಿಸಿದ ಕಾಗದದ ಬಾವುಟ ಸಮೇತ ಎಳ್ಕೊಂಡು ಹೋಗಿ ಬಸ್ ಹತ್ತಿಸಿದ್ಲು. ಬಿಗ್ ಬಜಾರ್ ಅನ್ನುವ ದೊಡ್ಡ ಅಂಗಡಿಯಲ್ಲಿ ‘ಸಬ್ಸೇ ಸಸ್ತಾ’ ಮಾರಾಟ ಅಂತ ಪೇಪರಲ್ಲಿ ಬಂದಿತ್ತು. ಅಮ್ಮನಿಗೆ ಗೊತ್ತಿದ್ದ ಹಿಂದಿ ಅಂದ್ರೆ ಆ ಎರಡನೇ ಶಬ್ದ ಒಂದೇ, ಅಗ್ಗ ಅಂತ.

ಬಿಜೈ ಕೆಎಸ್ಸಾರ್ಟಿಸಿಯಲ್ಲಿ ಇಳಿದ್ರೆ ಎದುರಿಗೇ ಭಾರತ್ ಮಾಲ್, ಬಿಗ್ ಬಜಾರ್ ಇದ್ದದ್ದು ಅದರೊಳಗೆ. ಬಾಗಿಲಲ್ಲೇ ವಾಚ್‌ಮ್ಯಾನ್ ನಮ್ಮ ಬಟ್ಟೆಚೀಲದ ಬಾಯಿಗೆ ಪ್ಲಾಸ್ಟಿಕ್ ಪಟ್ಟಿ ಬಿಗಿದ. ಒಳಗೆ ಅಮ್ಮನ ಎಲೆಯಡಿಕೆ, ನನ್ನ ನೀರಿನ ಬಾಟ್ಲಿ ಎಲ್ಲಾ ಇತ್ತು, ಹೊರಗೆ ಬರುವವರೆಗೆ ಎರಡಕ್ಕೂ ಗತಿ ಇಲ್ಲ. ಎಸ್ಕಲೇಟರ್ ಎದುರು ಅಮ್ಮ ನೆರಿಗೆ ಎತ್ತಿ ಹಿಡ್ಕೊಂಡು, ತೋಡು ದಾಟುವವರ ಹಾಗೆ ಒಂದು ಕಾಲು ಮುಂದಿಡುವುದು ಹಿಂದೆ ತೆಗೆಯುವುದು ಮಾಡ್ತಾ, ಕೊನೆಗೆ ಹಿಂದಿನವರು ನುಗ್ಗಿದ ರಭಸಕ್ಕೆ ಹತ್ತಿಬಿಟ್ಲು. ಮೇಲೆ ಮುಟ್ಟಿದ ಮೇಲೆ ನಂಗೇ ಜೋರು, “ಕೈ ಬಿಡ್ಬೇಡ ಹೇಳಿದ್ದಲ್ವಾ ನಿಂಗೆ?” ಕೈ ಬಿಟ್ಟದ್ದು ಯಾರು ಅಂತ ಈಗ ಚರ್ಚೆ ಬೇಡ.

ನಿಜವಾದ ಕಷ್ಟ ಶುರುವಾದದ್ದು ಒಳಗೆ ಹೋದ ಮೇಲೆ. ಸಂತೆಯಲ್ಲಿ ಅಮ್ಮನ ಒಂದು ಕ್ರಮ ಉಂಟು, ಮೊದಲು ಕ್ರಯ ಕೇಳುವುದು, ಕೇಳಿದ ಕೂಡ್ಲೇ ಮುಖ ಸಿಂಡರಿಸಿ ನಾಲ್ಕು ಹೆಜ್ಜೆ ಮುಂದೆ ಹೋಗುವುದು, ಅವನು “ಬನ್ನಿ ಅಕ್ಕ, ಎಷ್ಟು ಕೊಡ್ತೀರಿ ಹೇಳಿ” ಅಂತ ಕರೆಯುವುದು, ಇವಳು ಕೇಳದವಳ ಹಾಗೆ ಇನ್ನೆರಡು ಹೆಜ್ಜೆ. ಇಲ್ಲಿ ಬಕೆಟ್ ಮೇಲೆ 99 ಅಂತ ಚೀಟಿ ಅಂಟಿಸಿ ಇಟ್ಟುಬಿಟ್ಟಿದ್ದಾರೆ, ಮುಖ ಸಿಂಡರಿಸಿದ್ರೆ ನೋಡುವವರು ಯಾರು? ಆದ್ರೂ ಅಭ್ಯಾಸಬಲ ನೋಡಿ, ಬಕೆಟ್ ಕೆಳಗಿಟ್ಟು ನಾಲ್ಕು ಹೆಜ್ಜೆ ಹೋದ್ಲು, ಯಾರೂ ಕರೀಲಿಲ್ಲ, ವಾಪಸ್ ಬಂದು ಅದನ್ನೇ ಎತ್ಕೊಂಡ್ಲು. ಆ ಹೊತ್ತಿನ ಮುಖ ನಂಗೆ ಈಗ್ಲೂ ನೆನಪುಂಟು, ಕ್ರಯ ಕಡಿಮೆಯೇ ಇತ್ತು, ಗೆದ್ದ ಖುಷಿ ಮಾತ್ರ ಇಲ್ಲ.

ಬೇಳೆ ಅಕ್ಕಿ ಕಡೆ ಹೋದಾಗ ಜೀವ ಬಂತು. ಅಲ್ಲಿ ಧಾನ್ಯ ಎಲ್ಲಾ ತೆರೆದೇ ಇಟ್ಟಿದ್ರು, ಅಮ್ಮ ಮೊಣಕೈವರೆಗೆ ಕೈ ಹಾಕಿ ತೊಗರಿಬೇಳೆ ಎತ್ತಿ, ಊದಿ, ಒಂದು ಕಾಳು ಹಲ್ಲಿಗೆ ಕೊಟ್ಟು ನೋಡಿದ್ಲು. ದಾರಿ ಇಷ್ಟಿಷ್ಟೇ, ಟ್ರಾಲಿಗೆ ಟ್ರಾಲಿ ಡಿಕ್ಕಿ, ಮೈಕಲ್ಲಿ ಯಾರೋ ಆಫರ್ ಕೂಗ್ತಿದ್ರು, ನಂಗೆ ಅವಮಾನ, ಮಾಲ್‌ಗೆ ಬಂದೂ ಅಮ್ಮ ಸಂತೆಯವರ ಹಾಗೆ ಮಾಡ್ತಾಳಲ್ಲ ಅಂತ. ದೊಡ್ಡವನಾದ ಮೇಲೆ ಓದಿದೆ ಮಾರಾಯ್ರೆ, ಬಿಗ್ ಬಜಾರನ್ನು 2001ರಲ್ಲಿ ಶುರು ಮಾಡಿದ ಕಿಶೋರ್ ಬಿಯಾನಿಗೆ ಬೇಕಿದ್ದದ್ದೇ ಅದು! ಚೆನ್ನೈಯ ಸರವಣ ಸ್ಟೋರ್ಸಿನ ನೂಕುನುಗ್ಗಲು ನೋಡಿ ಮರುಳಾದ ಮನುಷ್ಯ ಅವರು, ತೀರಾ ನೀಟಾಗಿ ಖಾಲಿ ಖಾಲಿ ಇದ್ರೆ ನಮ್ಮಂಥವರು ಹೆದರಿ ಒಳಗೇ ಬರುದಿಲ್ಲ ಅಂತ ಬೇಕಂತಲೇ ಗಿಜಿಗಿಜಿ ಮಾಡಿಸಿದ್ದಂತೆ. ಅಂದ್ರೆ ಇಡೀ ಅಂಗಡಿಯಲ್ಲಿ ಸರಿಯಾಗಿ ನಡ್ಕೊಂಡವಳು ಅಮ್ಮ, ತಪ್ಪು ನಡ್ಕೊಂಡದ್ದು ಬೆನ್ನು ತಿರುಗಿಸಿ ನಿಂತ ನಾನು.

ಇನ್ನೊಂದು ಉಂಟು, ಎಕ್ಸ್‌ಚೇಂಜ್ ಆಫರ್. ಹಳೇ ಪೇಪರ್, ಹಳೇ ಬಟ್ಟೆ, ಪಾತ್ರೆ ತಂದು ಕೊಟ್ರೆ ತೂಗಿ ಕೂಪನ್ ಕೊಡ್ತಿದ್ರು, ಆ ಕೂಪನ್ನಿನ ಎಷ್ಟೋ ಪಟ್ಟು ಸಾಮಾನು ತಗೊಂಡ್ರೆ ಅದು ಬಿಲ್ಲಲ್ಲಿ ಕಳೀತಿತ್ತು. ಅಪ್ಪ ಲೆಕ್ಕ ಹಾಕಿ, ಇಷ್ಟು ದೂರ ಬಸ್ಸಲ್ಲಿ ರದ್ದಿ ಹೊತ್ಕೊಂಡು ಹೋದ್ರೆ ಕಂಡಕ್ಟರ್ ಲಗೇಜ್ ಟಿಕೆಟ್ ಹರೀತಾನೆ ಅಂದ್ರು. ಅಮ್ಮ ಕೇಳ್ಬೇಕಲ್ಲ. ಒಂದು ಸಲ ಎರಡು ಗೋಣಿ ಪೇಪರ್ ಹೊರಿಸಿಯೇಬಿಟ್ಲು, ಲಗೇಜ್ ಟಿಕೆಟ್ಟೂ ಹರಿಯಿತು, ಅದರಲ್ಲಿ ನನ್ನ ಹಿಂದಿನ ವರ್ಷದ ಮಾರ್ಕ್ಸ್‌ಕಾರ್ಡ್ ಕೂಡ ಹೋಯ್ತು ಅಂತ ಆಮೇಲೆ ಗೊತ್ತಾಯ್ತು. ಗಣಿತದ ಮಾರ್ಕು ನೆನೆಸಿದ್ರೆ ಅದಕ್ಕೆ ಸಿಕ್ಕಿದ ಬೆಲೆ ಜಾಸ್ತಿಯೇ ಆಯ್ತು.

ಆ 26ಕ್ಕೆ ಬಿಲ್ಲಿನ ಸಾಲಲ್ಲಿ ಮುಕ್ಕಾಲು ಗಂಟೆ. ಒಂದು ಬಕೆಟ್, ಎರಡು ಬೆಡ್‌ಶೀಟ್, ಬೇಳೆ, ಬೇಡದಿದ್ರೂ ಒಂದಕ್ಕೊಂದು ಫ್ರೀ ಅಂತ ತಗೊಂಡ ನಾಲ್ಕು ಪ್ಯಾಕೆಟ್ ನೂಡಲ್ಸ್. ಬಿಲ್ಲಲ್ಲಿ ಎಷ್ಟು ಉಳೀತು ಅಂತ ಅಮ್ಮ ಬೆರಳು ಮಡಚಿ ಲೆಕ್ಕ ಹಾಕಿ ಖುಷಿಯಲ್ಲಿ ಲಾಲ್‌ಬಾಗ್‌ವರೆಗೆ ನಡೆಸಿ ಪಬ್ಬಾಸ್ ಐಸ್‌ಕ್ರೀಮ್ ಅಂಗಡಿಯಲ್ಲಿ ನಂಗೆ ಗಡ್‌ಬಡ್ ಕೊಡಿಸಿದ್ಲು, ಉಳಿದದ್ದೆಲ್ಲಾ ಆ ಉದ್ದ ಗ್ಲಾಸಿನೊಳಗೆ ಹೋಯ್ತು. ಬಸ್ಸಲ್ಲಿ ಬಕೆಟ್ ನನ್ನ ತೊಡೆ ಮೇಲೆ, ಬಕೆಟ್ಟಿನೊಳಗೆ ಬೇಳೆ, ಬಾವುಟ ಎಲ್ಲಿ ಬಿತ್ತೋ.

2020ರಲ್ಲಿ ರಿಲಯನ್ಸ್ 24,713 ಕೋಟಿಗೆ ಬಿಗ್ ಬಜಾರಿನ ಜೊತೆ ಇನ್ನೂ ಕೆಲವು ವ್ಯಾಪಾರ ತಗೊಳ್ತದೆ ಅಂತಾಯ್ತು, ಅಮೆಜಾನ್ ತಕರಾರು ತೆಗೀತು, ಕೋರ್ಟು ಕಚೇರಿ, 2022ರಲ್ಲಿ ಆ ಒಪ್ಪಂದವೂ ಮುರಿದುಬಿತ್ತು. ಅದಕ್ಕಿಂತ ಮೊದಲೇ ಬಾಡಿಗೆ ಬಾಕಿ ಅಂತ ಎಷ್ಟೋ ಅಂಗಡಿ ರಿಲಯನ್ಸ್ ಕೈಗೆ ಹೋಗಿ ಬೋರ್ಡ್ ಬದಲಾಗಿತ್ತು. ಇದನ್ನೆಲ್ಲಾ ಅಮ್ಮನಿಗೆ ಪೇಪರ್ ಓದಿ ಹೇಳಿದೆ. “ಅಷ್ಟು ಕೋಟಿಗೆ ಕೇಳಿದ್ರಾ? ಇವರು ಸ್ವಲ್ಪ ಮುಂದೆ ಹೋಗಿ ನಿಲ್ಬೇಕಿತ್ತು” ಅಂದ್ಲು.

ಆ ಬಕೆಟ್ ಈಗ್ಲೂ ಬಚ್ಚಲಲ್ಲಿ ಉಂಟು, ಹಿಡಿಕೆ ಹೋಗಿ ಹಗ್ಗ ಕಟ್ಟಿದ್ದಾಳೆ. ಸಾಮಾನು ಈಗ ನಾನು ಬೆಂಗಳೂರಿಂದ ಆಪಲ್ಲಿ ಆರ್ಡರ್ ಹಾಕುವುದು, ಮೊದಲು ಫೋಟೋ ವಾಟ್ಸಾಪಲ್ಲಿ ಅಮ್ಮನಿಗೆ ಕಳಿಸ್ಬೇಕು. ಹೋದ ವಾರ ಊರಿಗೆ ಹೋದಾಗ ನೋಡಿದೆ, ಕನ್ನಡಕ ಹಣೆಗೇರಿಸಿ, ತೊಗರಿಬೇಳೆಯ ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ಕಲ್ಲು ಹುಡುಕ್ತಾ ಕೂತಿದ್ಲು.