ಕಾಲಿನ ಮಾತು ಆಯ್ತು, ಮೂತ್ರದ ಮಾತೂ ಆಡೋಣ

ಬೆನ್ನುಹುರಿಗೆ ಪೆಟ್ಟು ಬಿದ್ದವರನ್ನು ನೋಡಲು ಬಂದವರೆಲ್ಲ ಕೇಳುವುದು ಒಂದೇ: "ಮತ್ತೆ ನಡೀತಾರಂತಾ?" ನಮ್ಮ ಚಿಕ್ಕಪ್ಪ ಅಡಿಕೆ ಮರದಿಂದ ಬಿದ್ದಾಗಲೂ ಇದೇ ಆಯ್ತು. ಒಂದಕ್ಕೆ ಹೇಗೆ ಹೋಗ್ತಾರೆ ಅಂತ ಒಬ್ಬರೂ ಕೇಳಲಿಲ್ಲ. ಮಂಚದ ಪಕ್ಕ ಯೂರಿನ್ ಬ್ಯಾಗ್ ನೇತಾಡುತ್ತಿತ್ತು. ಬಂದವರು ಅದನ್ನು ನೋಡಿಯೂ ನೋಡದವರ ಹಾಗೆ ಕಾಫಿ ಕುಡಿದು ಎದ್ದು ಹೋಗುತ್ತಿದ್ದರು. ಆಸ್ಪತ್ರೆಯವರೂ ಕಾಲಿನ ವ್ಯಾಯಾಮಕ್ಕೆ ಚಿತ್ರ ಸಮೇತ ಹಾಳೆ ಕೊಟ್ಟಿದ್ದರು. ಮೂತ್ರದ ಬಗ್ಗೆ ಹೇಳಿದ್ದು "ಪೈಪ್ ಆಗಾಗ ಬದಲಾಯಿಸಿ" ಅಂತ, ಅಷ್ಟೇ.

ನನ್ನ ಸಿಟ್ಟೆಲ್ಲ ಇಲ್ಲೇ. ಕಾಲು ಹೋದರೂ ಮನುಷ್ಯ ಬದುಕುತ್ತಾನೆ, ಕಿಡ್ನಿ ಹೋದರೆ ಕಷ್ಟ. ಮೊದಲ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಗುಂಡು ಬಿದ್ದು ಬದುಕಿ ಬಂದ ಸೈನಿಕರು ಆಮೇಲೆ ಮೂತ್ರದ ಸೋಂಕಿನಿಂದ, ಹಾಸಿಗೆ ಹುಣ್ಣಿನಿಂದ ಸತ್ತರು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಇಂಥವರಿಗಾಗಿ ಕೇಂದ್ರ ತೆರೆದ ಲುಡ್ವಿಗ್ ಗುಟ್ಮನ್ ಅವರನ್ನು ನಾವು ಪ್ಯಾರಾಲಿಂಪಿಕ್ಸ್‌ಗಾಗಿ ನೆನೆಯುತ್ತೇವೆ. ಆದರೆ ಅವರ ವಾರ್ಡಿನಲ್ಲಿ ಆಟಕ್ಕಿಂತ ಮೊದಲು ನಡೆದದ್ದು ಮೂತ್ರಕೋಶದ, ಹುಣ್ಣಿನ ಆರೈಕೆ.

ಆಗುವುದೇನು ಅಂದ್ರೆ, ಮೂತ್ರಕೋಶ ತುಂಬಿದ ಸುದ್ದಿ ಬೆನ್ನುಹುರಿ ಹತ್ತಿ ಮೆದುಳಿಗೆ ಹೋಗಬೇಕು. ಮೆದುಳು ಒಪ್ಪಿದಾಗ ಕೋಶ ಹಿಂಡುತ್ತದೆ, ಅದರ ಬಾಯಿ ಬಿಗಿದಿರುವ ಸ್ನಾಯು ಸಡಿಲವಾಗುತ್ತದೆ. ಮಧ್ಯದಲ್ಲಿ ದಾರಿ ಕಡಿದರೆ ಮೊದಲ ಕೆಲವು ವಾರ ಕೋಶ ಸುಮ್ನೆ ಬಿದ್ದಿರುತ್ತದೆ. ಆಮೇಲೆ ಎಷ್ಟೋ ಜನರಲ್ಲಿ ಅದು ತನ್ನಷ್ಟಕ್ಕೇ ಹಿಂಡತೊಡಗುತ್ತದೆ, ಆದರೆ ಬಾಯಿ ಬಿಡುವುದಿಲ್ಲ, ಇನ್ನೂ ಬಿಗಿಯುತ್ತದೆ. ಆ ಒತ್ತಡವೆಲ್ಲ ಕಿಡ್ನಿಯ ಕಡೆಗೆ. ಸ್ಪರ್ಶವೇ ಇಲ್ಲದವರಿಗೆ ಇದು ನೋವೂ ಆಗುವುದಿಲ್ಲ. ಸ್ವಲ್ಪ ಸ್ವಲ್ಪ ಸೋರುತ್ತಿರುತ್ತದೆ, ಮನೆಯವರು "ಬರ್ತಾ ಇದೆಯಲ್ಲ" ಅಂತ ಸಮಾಧಾನ ಮಾಡಿಕೊಳ್ಳುತ್ತಾರೆ. ಸೋರಿದ ಮಾತ್ರಕ್ಕೆ ಕೋಶ ಖಾಲಿಯಾಯ್ತು ಅಂತಲ್ಲ.

ಹಾಗಾದರೆ ಪತ್ತೆ ಹೇಗೆ? ಶುರುವಿಗೆ ಒಂದು ನೋಟ್‌ಬುಕ್ ಸಾಕು. ಎಷ್ಟು ಹೊತ್ತಿಗೆ ಎಷ್ಟು ನೀರು ಕುಡಿದರು, ಎಷ್ಟು ಹೋಯ್ತು, ಯಾವಾಗ ಬಟ್ಟೆ ಒದ್ದೆಯಾಯ್ತು ಅಂತ ಬರೆದಿಡುವುದು. ಮೂತ್ರ ಹೋದ ಮೇಲೆ ಒಳಗೆ ಎಷ್ಟು ಉಳಿದಿದೆ ಅಂತ ಸ್ಕ್ಯಾನಿಂಗ್‌ನಲ್ಲಿ ಗೊತ್ತಾಗುತ್ತದೆ. ರಕ್ತದ ಕ್ರಿಯಾಟಿನಿನ್ (ಮಾಂಸಖಂಡದಿಂದ ಹುಟ್ಟುವ, ಕಿಡ್ನಿ ಹೊರಹಾಕುವ ಕಸ) ಒಂದನ್ನೇ ನಂಬಿ ಕೂರಬೇಡಿ. ಕಾಲಿನ ಮಾಂಸ ಕರಗಿದವರಲ್ಲಿ ಕಿಡ್ನಿ ಸೋಲುತ್ತಿದ್ದರೂ ಆ ಅಂಕಿ ಚೆನ್ನಾಗಿಯೇ ಕಾಣಬಹುದು.

ಯೂರೋಡೈನಮಿಕ್ಸ್ ಅಂತ ಒಂದು ಪರೀಕ್ಷೆ ಇದೆ. ಹೆಸರು ಕೇಳಿಯೇ ಜನ ಹೆದರುತ್ತಾರೆ. ಮೂತ್ರಕೋಶಕ್ಕೊಂದು ಸಣ್ಣ ನಳಿಕೆ, ಗುದದ್ವಾರದಲ್ಲಿ ಇನ್ನೊಂದು. ಎರಡನೆಯದು ಯಾಕೆ ಅಂದ್ರೆ, ಕೆಮ್ಮಿದಾಗ, ತಿಣುಕಿದಾಗ ಹೊಟ್ಟೆಯ ಒತ್ತಡವೂ ಸೇರಿಕೊಳ್ಳುತ್ತದೆ, ಅದನ್ನು ಕಳೆದರೆ ಕೋಶದ್ದೇ ಒತ್ತಡ ಸಿಗುತ್ತದೆ. ಸಲೈನ್ ನಿಧಾನವಾಗಿ ತುಂಬಿಸುತ್ತಾ ಹೋಗುತ್ತಾರೆ, ಪರದೆಯ ಮೇಲೆ ಗೆರೆ ಏರುತ್ತದೆ. ಸೋರುವ ಹೊತ್ತಿಗೆ ಒತ್ತಡ 40 ಸೆಂಟಿಮೀಟರ್ ನೀರಿನ ಮಟ್ಟ (ಒತ್ತಡ ಅಳೆಯುವ ಒಂದು ಮಾನ) ದಾಟಿದ್ದರೆ ಕಿಡ್ನಿಗೆ ಅಪಾಯ ಅಂತ 1981ರಲ್ಲೇ ಅಮೆರಿಕದ ಡಾಕ್ಟರ್ ಎಡ್ವರ್ಡ್ ಮೆಕ್‌ಗ್ವೈರ್ ಮತ್ತವರ ಜೊತೆಗಾರರು ತೋರಿಸಿದ್ದರು. ಹುಟ್ಟಿನಿಂದಲೇ ಬೆನ್ನುಹುರಿಯ ತೊಂದರೆ ಇದ್ದ ಮಕ್ಕಳಲ್ಲಿ ಕಂಡುಕೊಂಡ ಲೆಕ್ಕ ಅದು. ಇಂದಿಗೂ ಡಾಕ್ಟರುಗಳು ಅದನ್ನು ನೋಡುತ್ತಾರೆ.

ಚಿಕಿತ್ಸೆಯಲ್ಲಿ ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು ಎಲ್ಲಕ್ಕಿಂತ ಅಗ್ಗದ್ದು. ಸಿಐಸಿ, ಅಂದರೆ ದಿನಕ್ಕೆ ನಾಲ್ಕರಿಂದ ಆರು ಸಲ ತಾವೇ ಮೂತ್ರದ ದಾರಿಯಲ್ಲಿ ಪೈಪ್ ಹಾಕಿ ಕೋಶ ಖಾಲಿ ಮಾಡಿ ತೆಗೆದುಬಿಡುವುದು. 1972ರಲ್ಲಿ ಅಮೆರಿಕದ ಮಿಷಿಗನ್‌ನ ಮೂತ್ರರೋಗ ತಜ್ಞ ಜ್ಯಾಕ್ ಲ್ಯಾಪಿಡೆಸ್ ಇದನ್ನು ಬರೆದಾಗ ಅನೇಕರು ಮೂಗು ಮುರಿದರು. ಆಪರೇಷನ್ ಥಿಯೇಟರ್‌ನ ಶುದ್ಧಿ ಇಲ್ಲದೆ ಪೈಪ್ ಹಾಕೋದಾ ಅಂತ. ಲ್ಯಾಪಿಡೆಸ್ ಅವರ ವಾದ ಸರಳ: ಕೋಶ ಉಬ್ಬಿ ಅದರ ಗೋಡೆಗೆ ರಕ್ತ ಸರಿಯಾಗಿ ಹರಿಯದಿದ್ದಾಗಲೇ ಸೋಂಕು ಹಿಡಿಯುವುದು, ಹೊತ್ತು ಹೊತ್ತಿಗೆ ಖಾಲಿ ಮಾಡಿ, ಸೋಪಿನಲ್ಲಿ ಕೈ ತೊಳೆದರೆ ಸಾಕು.

ಚಿಕ್ಕಪ್ಪನ ಮೊದಲ ಮಾತು, "ಛೀ, ಅದನ್ನೆಲ್ಲ ನಾನೇ ಮಾಡ್ಕೊಳ್ಳೋದಾ!" ಕಲಿಸಿದ ನರ್ಸ್ ನಗುತ್ತಾ, "ಹಲ್ಲುಜ್ಜಿದ ಹಾಗೆ ಅಂದ್ಕೊಳ್ಳಿ ಅಣ್ಣಾ" ಅಂದರು. ಕೈ ತೊಳೆದು, ಪೈಪಿಗೆ ಜೆಲ್ಲಿ ಸವರಿ, ಉಸಿರು ಬಿಡುತ್ತಾ ನಿಧಾನಕ್ಕೆ ಒಳಗೆ. ಬಿಗಿಯಾದರೆ ಒತ್ತಬಾರದು, ಸ್ವಲ್ಪ ನಿಲ್ಲಬೇಕು. ನಿಂತುಹೋದ ಮೇಲೂ ಪೈಪನ್ನು ಮೆಲ್ಲಗೆ ಎಳೆಯುತ್ತಾ ಬಂದರೆ ಇನ್ನಷ್ಟು ಬರುತ್ತದೆ. ಒಂದು ಸಲಕ್ಕೆ 500 ಮಿಲಿಲೀಟರ್ ಮೀರುತ್ತಿದ್ದರೆ ನಡುವಿನ ಅವಧಿ ಕಡಿಮೆ ಮಾಡಬೇಕು. ಈಗ ಚಿಕ್ಕಪ್ಪನಿಗೆ ಚಿಕ್ಕಮ್ಮನ ಸಹಾಯ ಬೇಡ. ಕೈಗೇ ಶಕ್ತಿ ಇಲ್ಲದವರಿಗೆ ಇದು ಆಗುವುದಿಲ್ಲ, ಅವರಿಗೆ ಹೊಟ್ಟೆಯ ಕೆಳಗಿನಿಂದ ಪೈಪ್ ಹಾಕುವ ದಾರಿ ಇದೆ.

ಕೋಶದ ಹಿಂಡುವಿಕೆ ತಗ್ಗಿಸಲು ಆಕ್ಸಿಬ್ಯುಟಿನಿನ್, ಸೊಲಿಫೆನಾಸಿನ್ ತರಹದ ಮಾತ್ರೆಗಳಿವೆ. ಬಾಯಿ ಒಣಗುತ್ತದೆ, ಮಲಬದ್ಧತೆ ಆಗುತ್ತದೆ, ವಯಸ್ಸಾದವರಿಗೆ ಮರೆವು ಜಾಸ್ತಿಯಾಗಬಹುದು. ಅದು ಒಗ್ಗದಿದ್ದರೆ ಮೂತ್ರಕೋಶಕ್ಕೇ ಬೊಟಾಕ್ಸ್ ಇಂಜೆಕ್ಷನ್. ಹೌದು, ಮುಖದ ಸುಕ್ಕಿಗೆ ಕೊಡುವ ಅದೇ ಔಷಧ. ಕೆಲವು ತಿಂಗಳಿಗೊಮ್ಮೆ ಮತ್ತೆ ಕೊಡಬೇಕು.

ಇನ್ನು ಆಂಟಿಬಯೋಟಿಕ್ ಚಟ. ಸಿಐಸಿ ಮಾಡುವವರ ಮೂತ್ರ ಕಲ್ಚರ್ ಮಾಡಿಸಿದರೆ ಎಷ್ಟೋ ಸಲ ಬ್ಯಾಕ್ಟೀರಿಯಾ ಕಾಣುತ್ತದೆ. ಜ್ವರ, ಚಳಿ, ಹೊಸದಾಗಿ ಸೋರುವುದು ಏನೂ ಇಲ್ಲದಿದ್ದರೆ ಸಾಮಾನ್ಯವಾಗಿ ಮದ್ದು ಬೇಡ. ರಿಪೋರ್ಟಿಗೆ ಹೆದರಿ ಪದೇ ಪದೇ ನುಂಗಿದರೆ ನಿಜವಾಗಿ ಬೇಕಾದ ದಿನ ಮದ್ದು ನಾಟುವುದಿಲ್ಲ.

ಎದೆಯ ಮೇಲ್ಭಾಗ ಅಥವಾ ಕತ್ತಿನ ಮಟ್ಟದಲ್ಲಿ ಪೆಟ್ಟಾದವರ ಮನೆಯವರು ಒಂದು ತಿಳಿದಿರಲೇಬೇಕು. ಪೈಪ್ ಕಟ್ಟಿಕೊಂಡು ಕೋಶ ಉಬ್ಬಿದರೆ ತಲೆ ಸಿಡಿಯುತ್ತದೆ, ಮುಖ ಬೆವರುತ್ತದೆ, ಬಿಪಿ ಏಕಾಏಕಿ ಏರುತ್ತದೆ. ತಕ್ಷಣ ಎಬ್ಬಿಸಿ ಕೂರಿಸಿ, ಪೈಪ್ ಮಡಚಿಕೊಂಡಿದೆಯಾ ನೋಡಿ. ತಗ್ಗದಿದ್ದರೆ ಕಾಯಬೇಡಿ, ಆಸ್ಪತ್ರೆಗೆ ಓಡಿ. ಬರೀ ಬೆನ್ನುನೋವು ಅಂತಿದ್ದವರಿಗೂ ತೊಡೆಸಂದು ಜೋಮು ಹಿಡಿದು ಮೂತ್ರ ಕಟ್ಟಿದರೆ ಅದು ಅವತ್ತೇ ನೋಡಬೇಕಾದ ತುರ್ತು.

ಸಕ್ಕರೆ ಕಾಯಿಲೆ, ಪಾರ್ಕಿನ್ಸನ್, ಲಕ್ವ ಹೊಡೆದವರಿಗೂ ಇದೇ ಥರ ನರದ ತೊಂದರೆ ಬರಬಹುದು. ಗಂಡಸು, ಅರವತ್ತು ದಾಟಿದೆ, ಅಂದ್ರೆ ಪ್ರಾಸ್ಟೇಟೇ ಅಂತ ನಾವೇ ತೀರ್ಮಾನಿಸಿಬಿಡ್ತೀವಿ ಅಲ್ವಾ? ನರದ ಕಾಯಿಲೆ ಇದ್ದರೆ ಆಪರೇಷನ್‌ಗೆ ಒಪ್ಪುವ ಮೊದಲು ಯೂರೋಡೈನಮಿಕ್ಸ್ ಬೇಕಾ ಅಂತ ಕೇಳಿ. ನಿಮ್ಮ ಜಿಲ್ಲೆಯಲ್ಲಿ ಈ ಪರೀಕ್ಷೆ ಮಾಡುವ, ಸಿಐಸಿ ಕಲಿಸುವ ಜಾಗ ಗೊತ್ತಿದ್ದರೆ ಕೆಳಗೆ ಕಾಮೆಂಟ್‌ನಲ್ಲಿ ಹಾಕಿ. ಕೇಳಲು ನಾಚಿಕೊಳ್ಳುವವರು ಇನ್‌ಬಾಕ್ಸ್‌ಗೆ ಬನ್ನಿ.